ಮೇ ತಿಂಗಳಲ್ಲಿ ಉರಿದ ಗ್ಯಾಸು

ಬೋಡಕ್‌ದೇವ್, ಅಹಮದಾಬಾದ್
೧೨ ಮೇ ೨೦೨೫

ಸಿಟ್ಟಿನ ಸಿಸ್ಟರ್ ಜಯಾಳಿಗೆ,

ಫೋನಿನಲ್ಲಿ ನನ್ನ ನಂಬರು ಬ್ಲಾಕ್ ಮಾಡಿದ್ದೀಯ. ಅಂಚೆಯವನನ್ನು ಬ್ಲಾಕ್ ಮಾಡುವ ಗುಂಡಿ ಇನ್ನೂ ಬಂದಿಲ್ಲವಲ್ಲ, ಅದಕ್ಕೇ ಈ ಕಾಗದ. ಗದಗಿನ ಶಾಲೆಯಲ್ಲಿ ಒಂದೇ ಬೆಂಚು, ವಡೋದರದಲ್ಲಿ ಒಂದೇ ಖೋಲಿ. ಅಂಥ ನಾವಿಬ್ಬರು ವರ್ಷದಿಂದ ಮಾತು ಬಿಟ್ಟಿದ್ದೇವೆ ಎಂದರೆ ಊರಲ್ಲಿ ಯಾರೂ ನಂಬುವುದಿಲ್ಲ. ನಾನು ಮಾಡಿದ್ದಾದರೂ ಏನು? ನಿನ್ನ ಹೆಸರಿನಲ್ಲಿ ಇಲ್ಲಿಯ ಒಂದು ಆಸ್ಪತ್ರೆಗೆ ಅರ್ಜಿ ಹಾಕಿದೆ. ಅವರು ನೇರ ನಿಮ್ಮ ಮೇಟ್ರನ್‌ಗೆ ಫೋನು ಮಾಡಿ ವಿಚಾರಿಸುತ್ತಾರೆಂದು ನನಗೇನು ಕನಸು ಬಿದ್ದಿತ್ತೇ? "ನನ್ನ ಬಿಡಿಸು ಅಂತ ನಾ ಯಾವಾಗ ಹೇಳಿದ್ದೆ ನಿನಗ? ನೀ ಏನ್ ನಮ್ಮವ್ವೇನು?" ಎಂದು ನೀನು ಕೂಗಿದ್ದು ನಮ್ಮ ಓಣಿಗೆಲ್ಲ ಕೇಳಿಸಿತ್ತು. ಆದರೆ ಡ್ಯೂಟಿ ಮುಗಿಸಿ ಬಂದು, ಬೆವರಿಗೆ ತೊಯ್ದ ಬಟ್ಟೆ ಹಿಂಡುತ್ತ "ವಾರ್ಡಲ್ಲವ್ವಾ ಅದು, ಕಾದ ಹಂಚು" ಎನ್ನುತ್ತಿದ್ದವಳೂ ನೀನೇ.

ಸರಿ, ಜಗಳ ಹಾಗೇ ಇರಲಿ. ನಿನಗೊಂದು ಉಡುಗೊರೆ ಇದೆ.

ನನ್ನ ಕೆಲಸ ನಿನಗೆ ಗೊತ್ತು. ಕಟ್ಟಡವನ್ನು ಕಂಪ್ಯೂಟರಿನೊಳಗೆ ಇನ್ನೊಮ್ಮೆ ಕಟ್ಟಿ, ಒಂದು ವರ್ಷದ ಬಿಸಿಲು ಗಾಳಿಯನ್ನು ಅದರ ಮೇಲೆ ಹಾಯಿಸಿ, ಕರೆಂಟೆಷ್ಟು ಗ್ಯಾಸೆಷ್ಟು ಉರಿಯುತ್ತದೆಂದು ನೋಡುವುದು. ಈ ಸಲ ಬಂದದ್ದು ಯಾವ ಕಟ್ಟಡ ಹೇಳು? ನಿನ್ನ ಟ್ರಸ್ಟ್ ಆಸ್ಪತ್ರೆಯೇ. ಗ್ಯಾಸಿನ ಖರ್ಚು ಇಳಿಸಬೇಕು, ಹಳೆಯ ಬಾಯ್ಲರು ಬೇಕೋ ಬೇಡವೋ ಹೇಳಿ ಎಂದು ನಮ್ಮನ್ನು ಕೇಳಿದ್ದಾರೆ.

ಮೊದಲ ಫಲಿತಾಂಶ ನೋಡಿ ಆಫೀಸೆಲ್ಲ ನಕ್ಕಿತು. ಹೀಟಿಂಗ್ ಗ್ಯಾಸು ಜನವರಿಯಲ್ಲಿ ಉರಿದರೆ ಒಪ್ಪಬಹುದು. ಇಲ್ಲಿ ಮೇ ತಿಂಗಳಲ್ಲೂ ಉರಿಯುತ್ತಿದೆ, ಮಳೆಗಾಲದಲ್ಲಂತೂ ಎಲ್ಲಕ್ಕಿಂತ ಹೆಚ್ಚು. ನಮ್ಮ ಮನೋಜ್ ಸರ್ ನನ್ನ ಕುರ್ಚಿಯ ಹಿಂದೆ ನಿಂತು, "ಅರೇ ಗೌತಮಿಬೆನ್, ಗುಜರಾತ್ ಮೇ ಹೀಟಿಂಗ್? ಅದೂ ಮೇ ತಿಂಗಳಲ್ಲಿ? ಎಲ್ಲೋ ತಪ್ಪಿದೆ, ಹುಡುಕಿ" ಎಂದರು. ಬೇರೆ ಊರಿನ ಹವಾಮಾನ ಹಾಕಿಬಿಟ್ಟೆನೇ ಎಂದು ನೋಡಿದೆ, ಇಲ್ಲ. ಸ್ನಾನದ ಬಿಸಿನೀರಿನ ಲೆಕ್ಕ ಇದರಲ್ಲಿ ಸೇರಿದೆಯೇ ಎಂದು ನೋಡಿದೆ, ಅದಕ್ಕೆ ಸೋಲಾರ್ ಇದೆ. ಕೊನೆಗೆ ಒಂದೊಂದೇ ಕೋಣೆಯನ್ನು ಆರಿಸಿ ನಡೆಸಿದಾಗ ಕಳ್ಳ ಸಿಕ್ಕಿಬಿದ್ದ. ಮೂರನೇ ಮಹಡಿ, ನಿನ್ನ ಸುಟ್ಟಗಾಯದ ವಾರ್ಡು. ಆಸ್ಪತ್ರೆ ಕೊಟ್ಟ ಪಟ್ಟಿಯಲ್ಲಿ ಬೇರೆ ವಾರ್ಡುಗಳಿಗೆಲ್ಲ ಇಪ್ಪತ್ತನಾಲ್ಕು ಡಿಗ್ರಿ ಇದ್ದರೆ ಅದೊಂದಕ್ಕೆ ಮೂವತ್ತೆರಡು. ಪಕ್ಕದ ಆಪರೇಷನ್ ಥಿಯೇಟರಿಗೂ ನಿಮಗೂ ಒಂದೇ ಯಂತ್ರದಿಂದ ತಣ್ಣನೆಯ ಗಾಳಿ ಬರುತ್ತದೆ. ಆ ಗಾಳಿ ನಿಮ್ಮ ವಾರ್ಡಿಗೆ ಇಳಿಯುವ ಮುಂಚೆ ಬಾಯ್ಲರಿನ ಬಿಸಿನೀರಿನ ಕೊಳವೆಯೊಂದು ಅದನ್ನು ಮತ್ತೆ ಕಾಯಿಸುತ್ತದೆ. ತಂಪು ಮಾಡುವುದಕ್ಕೆ ಕರೆಂಟು, ಆ ತಂಪನ್ನು ಕೆಡಿಸುವುದಕ್ಕೆ ಗ್ಯಾಸು.

ಯಾವ ಕಾಲದಲ್ಲೋ ಯಾರೋ ಇಪ್ಪತ್ತೆರಡು ಒತ್ತಲು ಹೋಗಿ ಮೂವತ್ತೆರಡು ಒತ್ತಿದ್ದಾರೆ. ಆಮೇಲೆ ಯಾರೂ ಕಣ್ಣೆತ್ತಿ ನೋಡಿಲ್ಲ. ಮೈ ಸುಟ್ಟುಕೊಂಡು ಬಂದವರಿಗೆ ತಂಪು ಬೇಕೋ, ಅವರನ್ನು ಇನ್ನಷ್ಟು ಬೇಯಿಸಬೇಕೋ? ನಾನು ಬೇರೆ ವಾರ್ಡುಗಳಂತೆ ಇಪ್ಪತ್ತನಾಲ್ಕು ಮಾಡಿದೆ. ಗ್ರಾಫಿನಲ್ಲಿ ಗ್ಯಾಸಿನ ಗೆರೆ ನೆಲಕ್ಕೆ ಮಲಗಿತು. ಸರ್ ಎಲ್ಲರಿಗೂ ತಿನ್ನಲು ದಾಬೇಲಿ ತರಿಸಿದರು.

ಬಾಯ್ಲರು ಬೇಡ ಎಂದು ವರದಿ ಹೋಗಿದೆ. ಇನ್ನು ನೀನು ಬೆವರಬೇಕಾಗಿಲ್ಲ. ಮುಖ ಸಡಿಲ ಮಾಡಿ ಒಂದು ಸಾಲು ಬರಿ.

ನಿನ್ನ ಶತ್ರು,
ಗೌತಮಿ

~

ಅಹಮದಾಬಾದ್
೩೦ ಜೂನ್ ೨೦೨೫

ಜಯಾ,

ನಿನ್ನ ಹಟ ಗೊತ್ತಿದ್ದೂ ದಿನಾ ಅಂಚೆಪೆಟ್ಟಿಗೆ ನೋಡುತ್ತಿದ್ದೇನೆ. ನಮ್ಮ ವಾಚ್‌ಮನ್ ಈಗ ನಾನು ಕೇಳುವ ಮೊದಲೇ ತಲೆ ಅಲ್ಲಾಡಿಸುತ್ತಾನೆ.

ಟ್ರಸ್ಟಿನವರು ವರದಿಯನ್ನು ಒಪ್ಪಿದ್ದಾರೆ. ಬಾಯ್ಲರು ತೆಗೆಯುವ ಕೆಲಸ ಶುರುವಾಗಿದೆಯಂತೆ. ವಾರ್ಡು ತಂಪಾದ ದಿನವಾದರೂ ನನ್ನನ್ನು ನೆನೆಸಿಕೊ. ಬೈದೇ ನೆನೆಸಿಕೊಂಡರೂ ಪರವಾಗಿಲ್ಲ.

ಗೌತಮಿ

~

ವಡೋದರ
೨೧ ಆಗಸ್ಟ್ ೨೦೨೫

ಗೌತಮಿ,

ನೆನೆಸಿಕೊಂಡೆ. ಅದಕ್ಕೇ ಬರೆಯುತ್ತಿದ್ದೇನೆ.

ಮೂವತ್ತೆರಡು ಯಾರೋ ತಪ್ಪಿ ಒತ್ತಿದ್ದಲ್ಲ. ಸುಟ್ಟಗಾಯದ ವಾರ್ಡು ಹಾಗೇ ಇರಬೇಕು. ನಮ್ಮ ಮೈಯ ಕಾವನ್ನು ಒಳಗೆ ಹಿಡಿದಿಡುವುದು ಚರ್ಮ. ಅದು ಹೋದವರಿಗೆ ನಿಮ್ಮ ಆಫೀಸಿನ ಹದವಾದ ತಂಪು ಕೂಡ ಮಾಘದ ಚಳಿ. ಹೊದಿಸೋಣವೆಂದರೆ ಬಟ್ಟೆ ಗಾಯಕ್ಕೆ ತಾಗಬಾರದು. ನಡುಗಿ ನಡುಗಿ ಮೈಯಲ್ಲಿದ್ದ ಶಕ್ತಿಯೆಲ್ಲ ಅದಕ್ಕೇ ಹೋಗಿಬಿಡುತ್ತದೆ, ಗಾಯ ಮಾಯುವುದಕ್ಕೆ ಏನೂ ಉಳಿಯುವುದಿಲ್ಲ. ನಾನು ಬೆವರುತ್ತಿದ್ದೆ, ನಿಜ. ಬೆವರಿನ ಬಗ್ಗೆ ಗೊಣಗುತ್ತಲೂ ಇದ್ದೆ. ಅಡಿಗೆಯವಳು ಹೊಗೆಗೆ ಗೊಣಗುತ್ತಾಳೆಂದು ಒಲೆಗೆ ನೀರು ಸುರಿಯುತ್ತಾರೇನೇ?

ಬಾಯ್ಲರು ಹೋಗಿ ತಿಂಗಳು ದಾಟಿತು. ಹೊರಗೆ ಮಳೆಗಾಲದ ಧಗೆ, ಒಳಗೆ ತಣ್ಣನೆಯ ಗಾಳಿ. ಮಕರಪುರದ ಫ್ಯಾಕ್ಟರಿಯೊಂದರಲ್ಲಿ ಟ್ರಾನ್ಸ್‌ಫಾರ್ಮರ್ ಎಣ್ಣೆಗೆ ಬೆಂಕಿ ಹತ್ತಿ ಸುಟ್ಟುಕೊಂಡು ಬಂದವನೊಬ್ಬ ಹಲ್ಲು ಕಟಕಟ ಅನ್ನುವಂತೆ ನಡುಗುತ್ತಿದ್ದ. ಯಂತ್ರ ನಿಲ್ಲಿಸಿ ಎಂದರೆ ಪಕ್ಕದ ಥಿಯೇಟರೂ ನಿಲ್ಲುತ್ತದೆ, ಶುದ್ಧ ಗಾಳಿಯೂ ನಿಲ್ಲುತ್ತದೆ, ಗಾಯಕ್ಕೆ ಸೋಂಕು ಬರುತ್ತದೆ. ಕರೆಂಟಿನ ಹೀಟರು ತರುತ್ತೇವೆಂದರೆ ಆಕ್ಸಿಜನ್ ಲೈನಿದೆ, ಅಪಾಯ ಎನ್ನುತ್ತಾರೆ. ದೊಡ್ಡ ಡಾಕ್ಟರು ಟ್ರಸ್ಟಿನ ಕಮಿಟಿಯವರೆಗೂ ಹೋಗಿ ಬಂದರು. "ಕಂಪ್ಯೂಟರೇ ಹೇಳಿದೆಯಲ್ಲ ಡಾಕ್ಟರ್‌ಸಾಹೇಬ್, ಹೀಟಿಂಗ್ ಬೇಕಿಲ್ಲ ಅಂತ" ಎಂದು ನಿಮ್ಮ ವರದಿಯನ್ನೇ ಅವರ ಮುಂದೆ ಹಿಡಿದರಂತೆ.

ಇನ್ನೊಂದು ಮಾತು. ನಿನ್ನ ಮೇ ತಿಂಗಳ ಪತ್ರವನ್ನು ನಾನು ಬಂದ ದಿನವೇ ಓದಿದ್ದೆ. ಇವಳಿಗೇನು ತಿಳಿಯುತ್ತದೆ, ನಮ್ಮ ಡಾಕ್ಟರು ಒಪ್ಪಬೇಕಲ್ಲ ಎಂದುಕೊಂಡೆ. ಉತ್ತರ ಬರೆದರೆ ರಾಜಿಯಾದ ಹಾಗೆ ಆಗುತ್ತದೆ ಎಂದು ಪತ್ರವನ್ನು ದಿಂಬಿನ ಕೆಳಗೆ ಇಟ್ಟು ಸುಮ್ಮನಾದೆ. ಒಂದು ಸಾಲು ಬರೆದಿದ್ದರೆ ಸಾಕಿತ್ತು. ಅದನ್ನು ನೆನೆದರೆ ಅನ್ನ ಸೇರುವುದಿಲ್ಲ.

ಆ ಸಂಖ್ಯೆಯನ್ನು ಮೊದಲಿನಂತೆ ಮಾಡು. ಫೋನು ಮಾಡಬೇಡ, ನಿನ್ನ ದನಿ ಕೇಳಿದರೆ ನಾನು ಏನೇನೋ ಅಂದುಬಿಡುತ್ತೇನೆ. ಏನಿದ್ದರೂ ಬರಿ.

ಜಯಾ

~

ಅಹಮದಾಬಾದ್
೨೭ ಆಗಸ್ಟ್ ೨೦೨೫

ಜಯಾ,

ಮೊದಲಿನಂತೆ ಮಾಡಿದೆ. ಕಂಪ್ಯೂಟರಿನಲ್ಲಿ ಅದಕ್ಕೆ ಒಂದು ಗಳಿಗೆ ಸಾಕು. ಗ್ಯಾಸು ಮತ್ತೆ ಎದ್ದು ನಿಂತಿತು, ಮೇ ತಿಂಗಳಲ್ಲಿ ಒಂದಿಷ್ಟು, ಮಳೆಗಾಲದಲ್ಲಿ ಅದಕ್ಕಿಂತ ಹೆಚ್ಚು. ಅಂದು ನಾವು ನಕ್ಕಿದ್ದ ಗೆರೆಯೇ. ಮಳೆಗಾಲದ ಗಾಳಿಯಿಂದ ನೀರಿನ ಪಸೆ ತೆಗೆಯುವುದಕ್ಕೆ ಯಂತ್ರ ಅದನ್ನು ಬಹಳ ತಣ್ಣಗೆ ಮಾಡುತ್ತದೆ. ತಣ್ಣಗಾದಷ್ಟೂ ನಿಮ್ಮ ವಾರ್ಡಿಗಾಗಿ ಅದನ್ನು ಕಾಯಿಸಬೇಕು. ಎಲ್ಲವೂ ಸರಿಯಾಗಿಯೇ ಇತ್ತು. ನಾನು ಹುಡುಕಿದ ತಪ್ಪು ತಪ್ಪೇ ಆಗಿರಲಿಲ್ಲ.

ಈ ಊರಿನಲ್ಲಿ ನಾವು ಯಾರೂ ಹೀಟಿಂಗನ್ನು ನಂಬುವುದಿಲ್ಲ ಜಯಾ. ಬಿಸಿ ಎಂದರೆ ಹೊರಗೆ ಹಾಕಬೇಕಾದದ್ದು ಎಂದೇ ನಮ್ಮ ಕೈ ಓಡುತ್ತದೆ. ಅದು ಕಂಡ ಕೂಡಲೇ ಅಳಿಸಿದೆ. ಅದೂ ನಿನಗೋಸ್ಕರ ಅಳಿಸುತ್ತಿದ್ದೇನೆಂಬ ಖುಷಿಯಲ್ಲಿ.

ಸರ್ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವರು ಕೆಟ್ಟವರಲ್ಲ. "ಬೆನ್, ಟ್ರಸ್ಟಿಗೆ ನಾನೇ ಬರುತ್ತೇನೆ, ಇಬ್ಬರೂ ಹೋಗೋಣ" ಎಂದರು. ವಡೋದರಕ್ಕೆ ಬರುತ್ತೇವೆ. ನಿನ್ನನ್ನು ನೋಡಬಹುದೇ?

ಗೌತಮಿ

~

ಅಹಮದಾಬಾದ್
೧೯ ಸೆಪ್ಟೆಂಬರ್ ೨೦೨೫

ಜಯಾ,

ಬಂದಿದ್ದೆ. ನಿನ್ನ ಉತ್ತರ ಬಂದಿರಲಿಲ್ಲವಾದ್ದರಿಂದ ಮೂರನೇ ಮಹಡಿಗೆ ಹತ್ತಲಿಲ್ಲ. ಲಿಫ್ಟಿನ ಎದುರು ಸ್ವಲ್ಪ ಹೊತ್ತು ನಿಂತು ಹೊರಟುಬಿಟ್ಟೆ.

ನಡೆದದ್ದನ್ನು ಇದ್ದ ಹಾಗೆ ಬರೆಯುತ್ತೇನೆ. ಟ್ರಸ್ಟಿಗಳು ಚಹಾ ಕೊಟ್ಟು ಮರ್ಯಾದೆಯಿಂದ ಕೂರಿಸಿದರು. ಬಾಯ್ಲರು ಗುಜರಿಗೆ ಹೋಗಿದೆ. ಗ್ಯಾಸಿನ ಕನೆಕ್ಷನ್ ವಾಪಸು ಕೊಟ್ಟಾಗಿದೆ. ವಾರ್ಷಿಕ ಸಭೆಯಲ್ಲಿ ಈ ಉಳಿತಾಯಕ್ಕೆ ಚಪ್ಪಾಳೆ ತಟ್ಟಿ, ದಾನಿಗಳಿಗೆ ಪತ್ರವನ್ನೂ ಕಳಿಸಿದ್ದಾರೆ. ಹೊಸದನ್ನು ತರಬೇಕಾದರೆ ಹೊಸ ವರದಿ ಬೇಕಂತೆ. ನಾವು ಕೊಡುತ್ತೇವೆ, ಹಣ ಬೇಡ ಎಂದರು ಸರ್. ಆಗ ಅವರಲ್ಲೊಬ್ಬ ವಯಸ್ಸಾದವರು ನಿಧಾನವಾಗಿ ಕೇಳಿದರು, "ಮನೋಜ್‌ಭಾಯಿ, ಮೊದಲಿನ ವರದಿ ತಪ್ಪು ಎನ್ನುತ್ತೀರಿ. ಹಾಗಾದರೆ ಎರಡನೆಯದು ಸರಿ ಎಂದು ಹೇಗೆ ನಂಬಲಿ? ಅದೇ ಹುಡುಗಿ, ಅದೇ ಕಂಪ್ಯೂಟರು ತಾನೆ?"

ಅವರ ಮಾತಿನಲ್ಲಿ ಏನೂ ತಪ್ಪಿಲ್ಲ. ಮೂರನೆಯವರೊಬ್ಬರಿಂದ ಪರೀಕ್ಷೆ ಮಾಡಿಸುವುದೆಂದು ತೀರ್ಮಾನವಾಯಿತು. ಆ ಮೂರನೆಯವರು ಯಾರೆಂದು ದೀಪಾವಳಿ ಕಳೆದ ಮೇಲೆ ಗೊತ್ತುಮಾಡುತ್ತಾರಂತೆ.

ನನ್ನ ಒಂದು ಬೆರಳಿನಿಂದ ಆದದ್ದನ್ನು ತಿದ್ದಲು ಇಷ್ಟು ಜನರ ಸಹಿ ಬೇಕು. ನಾನು ಏನು ಮಾಡಲಿ, ಹೇಳು.

ಗೌತಮಿ

~

ವಡೋದರ
೮ ಡಿಸೆಂಬರ್ ೨೦೨೫

ಗೌತಮಿ,

ಮೇಲೆ ಹತ್ತಿ ಬಂದಿದ್ದರೆ ಬೈಯುತ್ತಿದ್ದೆ. ಆದರೂ ಬರಬೇಕಿತ್ತು.

ಚಳಿ ಬಂತು. ಇಲ್ಲಿಯ ಚಳಿ ನಿನಗೆ ಗೊತ್ತಲ್ಲ, ಹಗಲು ಏನೂ ಇಲ್ಲದಂತಿದ್ದು ಬೆಳಗಿನ ಜಾವ ಕಚ್ಚುತ್ತದೆ. ಮಂಚದ ಮೇಲೆ ಕಬ್ಬಿಣದ ಕಮಾನು ಇಟ್ಟು, ಗಾಯಕ್ಕೆ ತಾಗದಂತೆ ಅದರ ಮೇಲೆ ಕಂಬಳಿ ಹಾಕುತ್ತೇವೆ. ಗಾಳಿ ಬರುವ ಜಾಲರಿಗೆ ಅರ್ಧ ರಟ್ಟು ಕಟ್ಟಿದ್ದೆವು, ಇನ್‌ಸ್ಪೆಕ್ಷನ್‌ಗೆ ಬಂದವರು ಕೀಳಿಸಿದರು. ಮಕ್ಕಳ ವಾರ್ಡಿನಿಂದ ಒಂದು ವಾರ್ಮರ್ ಎರವಲು ತಂದಿದ್ದೇವೆ. ಆಗಷ್ಟೇ ಹುಟ್ಟಿದ ಕೂಸುಗಳನ್ನು ಕೆಳಗೆ ಮಲಗಿಸಿ ಮೇಲಿನಿಂದ ಬೆಚ್ಚಗಿಡುವ ಯಂತ್ರ ಅದು, ಆಕ್ಸಿಜನ್ ಹತ್ತಿರವೂ ಇಡಬಹುದು. ಒಂದೇ ಒಂದು. ಇಂದು ಯಾರ ಮಂಚದ ಮೇಲೆ ಎಂಬುದನ್ನು ದಿನಾ ನಾವೇ ನಿರ್ಧರಿಸಬೇಕು. ಉಳಿದವರು ನಮ್ಮ ಮುಖ ನೋಡುತ್ತ ಮಲಗಿರುತ್ತಾರೆ.

ಈಗ ಅದು ಚಂಪಾಬೆನ್ ಮೇಲಿದೆ. ಕುರುಕಲು ತಿಂಡಿ ಮಾಡುವ ಫರಸಾಣದ ಕಾರಖಾನೆಯಲ್ಲಿ ಗಾಂಠಿಯಾ ಕರಿಯುತ್ತಿದ್ದವಳು. ಲಗ್ನದ ಆರ್ಡರುಗಳ ಗಡಿಬಿಡಿಯಲ್ಲಿ ಎಣ್ಣೆಯ ಕಡಾಯಿ ಅವಳ ಮೇಲೆ ವಾಲಿತು. ಎದೆ, ಹೊಟ್ಟೆ, ಎರಡೂ ತೊಡೆ. ಬಾಯಿ ಮಾತ್ರ ಸುಮ್ಮನಿರುವುದಿಲ್ಲ. "ಸಿಸ್ಟರ್, ಇಡೀ ಜನ್ಮ ಒಲೆಯ ಮುಂದೆ ಸೆಖೆ ಸೆಖೆ ಅಂದೆ. ಭಗವಾನ್ ಕೇಳಿಸಿಕೊಂಡುಬಿಟ್ಟ, ನೋಡು" ಎನ್ನುತ್ತಾಳೆ. ಆಮೇಲೆ ಮೆಲ್ಲಗೆ, "ಟಾಢ್ ಲಾಗೇ ಛೇ" ಎನ್ನುತ್ತಾಳೆ. ಚಳಿಯಾಗುತ್ತಿದೆ ಎಂದು. ಮಗಳು ಪೂರ್ವಿ ಕಾಲೇಜು ಬಿಟ್ಟು ದಿನಾ ಬಂದು ಗಾಜಿನ ಆಚೆ ನಿಲ್ಲುತ್ತಾಳೆ.

ಡಾಕ್ಟರು ಹೇಳುವಂತೆ ಗಾಯಕ್ಕಿಂತ ಅವಳಿಗೆ ಕಾವು ಮುಖ್ಯ. ಅವಳು ಉಳಿಯಬೇಕಾದರೆ ಈ ಚಳಿಗಾಲ ದಾಟಬೇಕು. ನಿನ್ನ ಕೈಯಲ್ಲಿ ಏನಾದರೂ ಆಗುವಂತಿದ್ದರೆ ಮಾಡು. ನಾನೇ ಕೇಳುತ್ತಿದ್ದೇನೆ.

ಜಯಾ

~

ಉಧನಾ, ಸೂರತ್
೨೦ ಡಿಸೆಂಬರ್ ೨೦೨೫

ಜಯಾ,

ನಿನ್ನ ಪತ್ರ ಅಹಮದಾಬಾದಿಗೆ ಹೋಗಿ, ಅಲ್ಲಿಂದ ಇಲ್ಲಿಗೆ ಬಂತು. ಸೀರೆ ಗಿರಣಿಯೊಂದರ ಕೆಲಸಕ್ಕೆಂದು ಸರ್ ನನ್ನನ್ನು ಇಲ್ಲಿಗೆ ಕಳಿಸಿದ್ದಾರೆ. ಶಿಕ್ಷೆಗೆಂದು ಕಳಿಸಿದ್ದರೆ ಚೆನ್ನಾಗಿತ್ತು. "ನಿಮ್ಮ ಕೆಲಸ ಚೊಕ್ಕ ಬೆನ್, ಗಿರಣಿಯವರು ನಿಮ್ಮನ್ನೇ ಕೇಳಿದ್ದಾರೆ" ಎಂದರು.

ಮೊದಲು ಒಳ್ಳೆಯ ಸುದ್ದಿ. ಮೂರನೆಯವರ ಪರೀಕ್ಷೆ ಮುಗಿದಿದೆ, ಮೂವತ್ತೆರಡೇ ಸರಿ ಎಂದಿದ್ದಾರೆ. ಕರೆಂಟಿನಿಂದ ನೀರು ಕಾಯಿಸುವ ಹೊಸ ಯಂತ್ರವನ್ನು ಟ್ರಸ್ಟು ಮಂಜೂರು ಮಾಡಿದೆ. ಕೆಟ್ಟ ಸುದ್ದಿಯೂ ಅದೇ. ಅದು ಹೊಸ ಆರ್ಥಿಕ ವರ್ಷದ ಬಾಬ್ತು, ಏಪ್ರಿಲ್‌ಗೆ ಬರುತ್ತದೆ. ಅಷ್ಟು ಹೊತ್ತಿಗೆ ಚಳಿಯೇ ಇರುವುದಿಲ್ಲ. ಬೇಗ ತರಿಸಿ ಎಂದು ನಾನು ಫೋನಿನಲ್ಲಿ ಅತ್ತೂ ನೋಡಿದೆ. ಆ ಕಡೆಯಿದ್ದ ಗುಮಾಸ್ತರು ಪಾಪ, "ರಡೋ ನಹೀ ಬೆನ್, ಅಳಬೇಡಿ" ಎಂದು ಸಮಾಧಾನ ಮಾಡಿದರು, ಅವರ ಕೈಯಲ್ಲಾದರೂ ಏನಿದೆ?

ದಿನಾ ಗಿರಣಿಯ ಕೆಲಸ ಮುಗಿಸಿ ನಿನ್ನ ವಾರ್ಡನ್ನು ತೆರೆದು ಕೂರುತ್ತೇನೆ. ಗಾಳಿಯ ವೇಗ ಇಳಿಸಿ ನೋಡಿದೆ, ಕಿಟಕಿಗೆ ದಪ್ಪ ಪರದೆ ಹಾಕಿ ನೋಡಿದೆ, ಬಾಗಿಲ ಮುಂದೆ ಇನ್ನೊಂದು ಬಾಗಿಲು ಇಟ್ಟು ನೋಡಿದೆ. ಎಲ್ಲ ಸೇರಿದರೂ ಒಂದೆರಡು ಡಿಗ್ರಿಗಿಂತ ಮೇಲೇಳುವುದಿಲ್ಲ. ಆ ಒಂದೆರಡನ್ನಾದರೂ ಮಾಡಿಕೊಳ್ಳಿ. ಪಶ್ಚಿಮದ ಗೋಡೆ ಸಂಜೆಯ ಬಿಸಿಲಿಗೆ ಕಾದು ಬೆಳಗಿನವರೆಗೆ ಸ್ವಲ್ಪ ಬೆಚ್ಚಗಿರುತ್ತದೆ. ಚಂಪಾಬೆನ್ ಮಂಚವನ್ನು ಅದರ ಹತ್ತಿರ ಸರಿಸಿ. ಜಾಲರಿಯಿಂದಲೂ ದೂರವಾಗುತ್ತದೆ.

ನಾಲ್ಕು ವರ್ಷ ಓದಿ, ಏಳು ವರ್ಷ ಕೆಲಸ ಮಾಡಿ, ಕೊನೆಗೆ ಮಂಚ ಸರಿಸಿ ಎಂದು ಬರೆಯುತ್ತಿದ್ದೇನೆ. ನನಗೆ ನಾಚಿಕೆಯಾಗುತ್ತಿದೆ. ಭಯವೂ ಆಗುತ್ತಿದೆ.

ಗೌತಮಿ

~

ವಡೋದರ
೧೭ ಜನವರಿ ೨೦೨೬

ಗೌತಮಿ,

ಮಂಚ ಸರಿಸಿದ್ದೆವು. ಎರಡು ವಾರ ಚೇತರಿಸಿಕೊಂಡಳು. ತೊಡೆಗೆ ಹಾಕಿದ ಚರ್ಮ ಹಿಡಿಯಿತು, ಡಾಕ್ಟರು ಮೊದಲ ಸಲ ನಕ್ಕರು. ಪೂರ್ವಿ ಮನೆಯಲ್ಲಿ ಬೆಲ್ಲದ ಸುಖಡಿ ಮಾಡಿ ತಂದು ನಮಗೆಲ್ಲ ಹಂಚಿದಳು.

ಉತ್ತರಾಯಣದ ದಿನ, ನಮ್ಮ ಸಂಕ್ರಾಂತಿ, ಕೆಳಗಿನ ಮಹಡಿಯಲ್ಲಿ ತಿಂಗಳು ತುಂಬದ ಅವಳಿ ಕೂಸುಗಳು ಹುಟ್ಟಿದವು. ಅವರ ಹತ್ತಿರ ಇದ್ದ ವಾರ್ಮರುಗಳು ಸಾಲಲಿಲ್ಲ, ನಮ್ಮದನ್ನು ವಾಪಸು ಕೇಳಿದರು. ಕೇಳದೆ ಏನು ಮಾಡುತ್ತಾರೆ? ಪ್ಲಗ್ ಕಿತ್ತು, ಗಾಲಿ ಉರುಳಿಸಿಕೊಂಡು ಲಿಫ್ಟಿನವರೆಗೆ ತಂದುಕೊಟ್ಟವಳು ನಾನೇ. ಚಂಪಾಬೆನ್ ನೋಡುತ್ತಿದ್ದಳು. "ಲಯೀ ಜಾ, ತಗೊಂಡು ಹೋಗು ಸಿಸ್ಟರ್, ಮಕ್ಕಳಿಗೆ ಮೊದಲು" ಎಂದಳು. ಊರೆಲ್ಲ ಮಾಳಿಗೆಯ ಮೇಲೆ ಗಾಳಿಪಟ ಹಾರಿಸುತ್ತಿತ್ತು. ಆ ದಿನ ಗಾಳಿ ಜೋರಾಗಿತ್ತು, ಜನ ಖುಷಿಯಾಗಿದ್ದರು.

ಮರುದಿನ ಬೆಳಗಿನ ಜಾವ ಅವಳ ಮೈ ತಣ್ಣಗಾಗುತ್ತ ಬಂತು. ಕಮಾನಿನ ಮೇಲೆ ಮೂರು ಕಂಬಳಿ ಹಾಕಿದೆವು. ಬಿಸಿನೀರಿನ ಚೀಲಗಳನ್ನು ಸುತ್ತ ಜೋಡಿಸಿದೆವು. ನಾನು ಅವಳ ಪಾದಗಳನ್ನು ಕೈಯಲ್ಲಿ ಹಿಡಿದುಕೊಂಡು ಕೂತೆ. ಅಲ್ಲಿ ಸುಟ್ಟಿರಲಿಲ್ಲ. ಸೂರ್ಯ ಮೇಲೆ ಬರುವ ಮೊದಲೇ ಹೋದಳು.

ಕಾಗದದಲ್ಲಿ ಸೋಂಕು ಎಂದು ಬರೆದಿದ್ದಾರೆ. ಸೋಂಕು ಇದ್ದದ್ದು ನಿಜ. ಪೂರ್ವಿ ನನ್ನನ್ನು ಒಂದೇ ಪ್ರಶ್ನೆ ಕೇಳಿದಳು. "ಮಮ್ಮೀನೇ ಟಾಢ್ ಲಾಗ್ತೀ ಹತೀ? ಅಮ್ಮನಿಗೆ ಚಳಿಯಾಗುತ್ತಿತ್ತೇ?" ನೋಡಿ ಹೇಳುತ್ತೇನೆ ಎಂದು ಕಳಿಸಿದೆ. ಹದಿಮೂರನೆಯ ದಿನದ ಕಾರ್ಯ ಮುಗಿಸಿ ಅವಳು ಮತ್ತೆ ಬರುತ್ತಾಳೆ, ಬಂದೇ ಬರುತ್ತಾಳೆ. ನಮ್ಮ ಗೋಡೆಯ ಉಷ್ಣಾಂಶದ ಮೀಟರು ಬಾಗಿಲ ಹತ್ತಿರ ಇದೆ, ಅದು ಬಾಗಿಲ ಕಡೆಯ ಕಾವನ್ನಷ್ಟೇ ಹೇಳುತ್ತದೆ. ನಿನ್ನ ಕಂಪ್ಯೂಟರಿನಲ್ಲಿ ಗಂಟೆ ಗಂಟೆಯ ಲೆಕ್ಕ ಸಿಗುತ್ತದೆ ಎನ್ನುತ್ತಿದ್ದೆಯಲ್ಲ. ಆ ಬೆಳಿಗ್ಗೆ, ಆ ಮಂಚದ ಹತ್ತಿರ ಎಷ್ಟು ತಣ್ಣಗಿತ್ತು ನೋಡಿ ಹೇಳು. ಆ ಹುಡುಗಿಗೆ ಹೇಳಲು ನನಗೆ ಏನಾದರೂ ಬೇಕು.

ಜಯಾ

~

ಉಧನಾ, ಸೂರತ್
೨೪ ಜನವರಿ ೨೦೨೬

ಜಯಾ,

ನೋಡಿದೆ. ಸಿಗುವುದಿಲ್ಲ.

ಆ ಬೆಳಿಗ್ಗೆ ನನ್ನ ಕಂಪ್ಯೂಟರಿನಲ್ಲಿ ಇಲ್ಲವೇ ಇಲ್ಲ. ನಾವು ಹಾಕುವ ಹವಾಮಾನ ಯಾವ ನಿಜವಾದ ವರ್ಷದ್ದೂ ಅಲ್ಲ. ಹಳೆಯ ವರ್ಷಗಳಿಂದ ಒಂದು ಸಾಧಾರಣ ಜನವರಿ, ಒಂದು ಸಾಧಾರಣ ಫೆಬ್ರವರಿ ಎಂದು ಆಯ್ದು ಹೊಲಿದ ವರ್ಷ ಅದು. ಅದರಲ್ಲಿ ಜನವರಿ ಹದಿನೈದು ಇದೆ, ಆದರೆ ಅದು ಚಂಪಾಬೆನ್ ಹೋದ ಹದಿನೈದಲ್ಲ. ಅಂದಿನ ಗಾಳಿ ಅದರಲ್ಲಿ ಬೀಸಿಲ್ಲ. ಮಂಚವೂ ಇಲ್ಲ. ವಾರ್ಡು ಒಂದು ಖಾಲಿ ಪೆಟ್ಟಿಗೆ, ಪೆಟ್ಟಿಗೆಗೆಲ್ಲ ಸೇರಿ ಒಂದೇ ಉಷ್ಣಾಂಶ.

ಮನುಷ್ಯರು ಇದ್ದಾರೆ. ಎಂಟು ರೋಗಿಗಳು ಎಂದು ನಾನೇ ತುಂಬಿದ್ದೆ. ಅವರು ಹೇಗಿದ್ದಾರೆಂದು ಇಷ್ಟು ವರ್ಷದಲ್ಲಿ ಮೊದಲ ಸಲ ನಿನ್ನೆ ಯೋಚಿಸಿದೆ. ಪ್ರತಿಯೊಬ್ಬರೂ ಇಷ್ಟು ಕಾವು ಕೊಡುತ್ತಾರೆ ಎಂಬ ಒಂದು ಸಂಖ್ಯೆ, ಅಷ್ಟೇ. ಕೋಣೆ ಎಷ್ಟೇ ತಣ್ಣಗಾಗಲಿ, ಅವರು ಅಷ್ಟೂ ಕಾವನ್ನು ಕೊಡುತ್ತಲೇ ಇರುತ್ತಾರೆ. ನಾವು ಕಟ್ಟುವ ಕಟ್ಟಡದಲ್ಲಿ ಮನುಷ್ಯರಿಗೆ ಚಳಿಯಾಗುವುದಿಲ್ಲ ಜಯಾ. ಹಾಗೆ ಆಗುವುದಕ್ಕೆ ಅಲ್ಲಿ ಜಾಗವನ್ನೇ ಇಟ್ಟಿಲ್ಲ. ಇವತ್ತು ತೆರೆದರೂ ಅದರಲ್ಲಿ ಎಂಟು ಜನ ಇದ್ದಾರೆ, ಎಂಟೂ ಜನ ಬೆಚ್ಚಗಿದ್ದಾರೆ.

ಆದ್ದರಿಂದ ಪೂರ್ವಿಗೆ ಸಂಖ್ಯೆ ಕೊಡಬೇಡ. ನೀನು ಪಾದ ಹಿಡಿದುಕೊಂಡಿದ್ದೆಯಲ್ಲ, ನಿನಗೆ ಗೊತ್ತು. ಹೌದು, ಚಳಿಯಾಗಿತ್ತು ಎಂದು ಹೇಳು. ವಾರ್ಡು ಯಾಕೆ ತಣ್ಣಗಿತ್ತು ಎಂದು ಅವಳು ಕೇಳಿದರೆ ಕಮಿಟಿಯ ಹೆಸರು ಹೇಳಬೇಡ, ಕಂಪ್ಯೂಟರಿನ ಹೆಸರಂತೂ ಹೇಳಲೇಬೇಡ. ನನ್ನ ಹೆಸರು ಹೇಳು. ಅವಳು ಬಂದು ನಿಂತು ಕೇಳಬೇಕೆಂದರೆ ಈ ವಿಳಾಸ ಕೊಡು. ಭಾನುವಾರ ನಾನು ಎಲ್ಲಿಗೂ ಹೋಗುವುದಿಲ್ಲ, ಬಾಗಿಲು ತೆರೆದಿರುತ್ತದೆ.

ಗೌತಮಿ ಲಿಂಗರಾಜ ಹೂಗಾರ
ಎರಡನೇ ಮಹಡಿ, ಎಡಗಡೆಯ ಮನೆ
ಗಿರಣಿ ಗೇಟಿನ ಎದುರಿನ ಚಾಳು
ಉಧನಾ, ಸೂರತ್